ಡಾಕ್ಟರಮ್ಮನಿಗೆ ಕೊಟ್ಟ ಚೀಟಿ

ಫ್ಯಾಕ್ಟರಿಯವರು ಕರೆಸಿದ ಮನಸ್ಸಿನ ಡಾಕ್ಟರಮ್ಮನವರಿಗೆ ಕಾಲರ್ ಹೊಲಿಯುವವಳ ನಮಸ್ಕಾರ.

"ನಿಮ್ಮ ಎದೆ ಡವಗುಟ್ಟಿಸುವುದು ಯಾವುದು? ಚೀಟಿಯಲ್ಲಿ ಬರೆದುಕೊಡಿ, ನನ್ನ ಹತ್ತಿರವೇ ಇರುತ್ತೆ" ಅಂದಿರಿ. ಫ್ಯಾಕ್ಟರಿಯ ಮೂವತ್ತು ಹೆಂಗಸರು ಬರೆದುಕೊಟ್ಟೆವು. ಮಗಳ ಓದು ನಿಂತುಹೋದೀತೆಂಬ ಭಯ ಅಂತ ನಾನು ಬರೆದೆ.

ಮೂರನೇ ದಿನವೇ ಗಂಟೆಗೆ ಹತ್ತು ಕಾಲರ್ ಹೆಚ್ಚಿಸಿದರು. ಆಗಲ್ಲ ಅಂದೆ. ಹೊಸ ಸೂಪರ್‌ವೈಸರ್ ನನ್ನ ಮಿಷನ್ ಮೇಲೆ ಬಗ್ಗಿ, "ಅಕ್ಕಾ, ಮಗಳ ಓದು ನಿಲ್ಲಬಾರದಲ್ವಾ?" ಅಂದ. ಪಕ್ಕದವಳಿಗೆ, "ನಿಮ್ಮಮ್ಮನ ಆಪರೇಷನ್ ಯಾವಾಗಮ್ಮಾ?" ಅಂದ. ಅವಳು ಅವನತ್ತ ತಿರುಗುವಷ್ಟರಲ್ಲಿ ಸೂಜಿ ಬೆರಳಿಗೇ ಹೊಕ್ಕಿತು.

ಭಯವಾದಾಗ ಉಸಿರು ಎಳೆದು ಬಿಡಿ ಅನ್ನುವ ನಿಮ್ಮ ಪಾಠ ಸಾಕು. ನಾಳೆ ಊಟದ ಬಿಡುವಿನಲ್ಲಿ ಉಳಿದ ಇಪ್ಪತ್ತೊಂಬತ್ತು ಚೀಟಿಗಳನ್ನು ಎಲ್ಲರೆದುರು ವಾಪಸ್ ಕೊಡಿ.

ನನ್ನದನ್ನು ನೀವೇ ಇಟ್ಟುಕೊಳ್ಳಿ. ಬೆಳ್ಳಗಿರುವುದೆಲ್ಲ ಹಾಲಲ್ಲ ಅಂತ ಅವತ್ತೇ ಅನುಮಾನ ಬಂದಿತ್ತು. ನನಗೆ ಮಗಳೇ ಇಲ್ಲ.

ಇತಿ,
ಕಿಟಕಿ ಪಕ್ಕದ ಮಿಷನ್ನಿನವಳು