ಎರಡನೆಯ ಹೂಂ

ಮಾರ್ಚ್ ೯

ಪ್ರೀತಿಯ ಮಗಳೇ,

ನೀವು ಮೂವರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಪತ್ರವೂ ಮಗುವಿನ ಫೋಟೋವೂ ಬಂದು ಎಷ್ಟೋ ದಿನವಾಯಿತು. ಉತ್ತರ ಬರೆಯದ ಈ ಮುದುಕಿಯ ಮೇಲೆ ನೀನು ಮುನಿಸಿಕೊಂಡಿದ್ದರೆ ತಪ್ಪೇನಿಲ್ಲ. ಬರೆಯೋಣವೆಂದು ಕುಳಿತಾಗಲೆಲ್ಲ ಯಾರಾದರೊಬ್ಬರು ಹರಿದ ಹಾಯಿಯನ್ನೋ ಅಂಗಡಿ ಮುಂದಿನ ಟಾರ್ಪಾಲನ್ನೋ ಹೊತ್ತು ಬಂದು, ಇವತ್ತೇ ಹೊಲಿದುಕೊಡಿ ಅನ್ನುತ್ತಾರೆ. ಇದೆಲ್ಲ ನೆವ. ಬರೆಯಬೇಕಾದ ವಿಷಯವನ್ನು ಎಲ್ಲಿಂದ ಶುರುಮಾಡಲಿ ಅಂತ ತಿಳಿಯಲಿಲ್ಲ, ಅಷ್ಟೆ.

ಮಗುವಿನ ಮೂಗು ನಿನ್ನದೇ. ಹಣೆ ನಿನ್ನ ಮನೆಯವರದಿರಬೇಕು. ಫೋಟೋವನ್ನು ಹೊಲಿಗೆ ಯಂತ್ರದ ಎದುರಿನ ಗೋಡೆಗೆ ಅಂಟಿಸಿದ್ದೇನೆ. ಬಂದವರು ಮೊಮ್ಮಗಳಾ ಅಂತ ಕೇಳಿದರೆ ಹೌದು ಅನ್ನುತ್ತೇನೆ. ನಿನ್ನ ಈಗಿನ ಅತ್ತೆಯ ಕಿವಿಗೆ ಬಿದ್ದರೆ ನನ್ನ ಪರವಾಗಿ ಕ್ಷಮೆ ಕೇಳು. ಇಲ್ಲಿ ನಮ್ಮವರು, ನಿನ್ನ ಹಳೆಯ ಮಾವ, ಕನ್ನಡಕ ಹಾಕಿಕೊಂಡು ಫೋಟೋವನ್ನು ಬೆಳಕಿಗೆ ಹಿಡಿದು ನೋಡಿ, ಬೆರಳು ಉದ್ದ ಇವೆ, ಉಳಿ ಹಿಡಿಯೋಕೆ ಲಾಯಕ್ಕು ಅಂದರು. ಶಾಲೆಯಲ್ಲಿ ಮರಗೆಲಸ ಕಲಿಸುವುದನ್ನು ಬಿಟ್ಟರೂ ಮೇಷ್ಟರ ಬುದ್ಧಿ ಎಲ್ಲಿ ಬಿಟ್ಟೀತು, ಹಸುಗೂಸಿನಲ್ಲೂ ವಿದ್ಯಾರ್ಥಿಯೇ ಕಾಣುತ್ತಾನೆ.

ನಮ್ಮಿಬ್ಬರ ಮಧ್ಯೆ ಮಾತು ನಿಂತು ವಾರವಾಗುತ್ತ ಬಂತು. ಪೂರ್ತಿ ನಿಂತಿದೆ ಅಂತಲ್ಲ. ಅವರು ಉಪ್ಪು ಅನ್ನುತ್ತಾರೆ, ನಾನು ಕೊಡುತ್ತೇನೆ. ನಾನು ಬಾಗಿಲು ಅನ್ನುತ್ತೇನೆ, ಅವರು ಹಾಕುತ್ತಾರೆ. ಜಗಳಕ್ಕೆ ಕಾರಣ ಕೇಳಿದರೆ ನಗುತ್ತೀಯ. ಸೇತುವೆಯ ಕೆಳಗೆ ಕಟ್ಟಿರುತ್ತಿದ್ದ ಹಸಿರು ಬಣ್ಣದ ಮನೆದೋಣಿ ನಿನಗೆ ನೆನಪಿರಬೇಕು. ಅದು ಕನ್ನಡಕದ ಅಂಗಡಿಯವರದು. ಐವತ್ತು ದಾಟಿದ ಮೇಲೆ ಆ ಮಹಾನುಭಾವರಿಗೆ ಹಾಯಿದೋಣಿಯ ಹುಚ್ಚು ಹತ್ತಿದೆ. ನಮ್ಮ ಹಾಯಿದೋಣಿ ಅವರಿಗೆ, ಅವರ ಮನೆದೋಣಿ ನಮಗೆ, ಮೇಲೆ ಯಾರೂ ಯಾರಿಗೂ ಏನೂ ಕೊಡುವುದು ಬೇಡ ಅಂತ ಬಂದು ಕೇಳಿದರು.

ನಾನು ನೋಡಿಕೊಂಡು ಬಂದೆ. ಒಲೆ ಇದೆ, ಮಂಚ ಇದೆ, ಕಿಟಕಿಯ ಪಕ್ಕದಲ್ಲಿ ನನ್ನ ಯಂತ್ರ ಇಡುವಷ್ಟು ಜಾಗ ಇದೆ. ಹಗ್ಗ ಎಳೆದು ಅಂಗೈ ಸುಲಿಯುವುದಿಲ್ಲ, ಒದ್ದೆ ಹಲಗೆಯ ಮೇಲೆ ಮಂಡಿಯೂರಬೇಕಾಗಿಲ್ಲ. ಅದು ಕಟ್ಟಿದಲ್ಲೇ ಇರುತ್ತದೆ. ನಿನ್ನ ಮಾವ ಒಳಗೆ ಬರಲೂ ಇಲ್ಲ. ದೋಣಿ ಕಟ್ಟುವ ದಕ್ಕೆಯ ಮೇಲೆ ನಿಂತು ಅದರ ಗೋಡೆಯನ್ನು ಬೆರಳ ಗೆಣ್ಣಿನಿಂದ ಕುಟ್ಟಿ ನೋಡಿ, "ಇದು ದೋಣಿ ಅಲ್ಲ ಕಣೆ. ಕಾಲು ಜಾರಿ ನೀರಿಗೆ ಬಿದ್ದಿರೋ ಬಾಡಿಗೆ ಮನೆ" ಅಂದರು. ಕನ್ನಡಕದ ಅಂಗಡಿಯವರೂ ನಕ್ಕರು, ನಾನೂ ನಕ್ಕೆ. ಮನೆಗೆ ಬಂದ ಮೇಲೆ ಯಾರೂ ನಗಲಿಲ್ಲ.

ಈ ಪತ್ರವನ್ನು ನಿನ್ನ ಮನೆಯವರಿಗೂ ಓದಿ ಹೇಳು, ಮುಚ್ಚಿಡುವಂಥದ್ದೇನಿಲ್ಲ. ಅವರು ಹಾಯಿದೋಣಿ ಹತ್ತಿದವರಲ್ಲ, ಆದ್ದರಿಂದ ನಿನಗೆ ಗೊತ್ತಿರುವುದನ್ನೂ ಬಿಡಿಸಿ ಬರೆಯುತ್ತೇನೆ. ಎದುರು ಗಾಳಿಯಲ್ಲಿ ದೋಣಿ ನೇರ ಹೋಗುವುದಿಲ್ಲ, ಹಾವಿನಂತೆ ಅತ್ತ ಇತ್ತ ತಿರುಗಿಸುತ್ತ ಹೋಗಬೇಕು. ಪ್ರತಿ ಸಲ ತಿರುಗಿಸಿದಾಗಲೂ ಹಾಯಿಯ ಬುಡದ ಅಡ್ಡಮರ ಒಂದು ಮಗ್ಗುಲಿಂದ ಇನ್ನೊಂದು ಮಗ್ಗುಲಿಗೆ ಬೀಸಿ ಬರುತ್ತದೆ. ಬಗ್ಗದವನ ತಲೆ ಒಡೆಯಿತು ಅಂತಲೇ ಲೆಕ್ಕ. ಅದಕ್ಕೇ ಮೇಷ್ಟರ ಕಾನೂನು. ಚುಕ್ಕಾಣಿ ಹಿಡಿದವರು "ತಿರುಗಿಸ್ಲಾ?" ಅಂತ ಕೇಳಬೇಕು. ದೋಣಿಯಲ್ಲಿದ್ದವರು ಒಬ್ಬರಾದ ಮೇಲೆ ಒಬ್ಬರು, ದೊಡ್ಡವರಿಂದ ಚಿಕ್ಕವರಿಗೆ, ಹೂಂ ಅನ್ನಬೇಕು. ಎಲ್ಲರ ಹೂಂ ಬರುವವರೆಗೆ ಚುಕ್ಕಾಣಿ ಅಲ್ಲಾಡುವ ಹಾಗಿಲ್ಲ. ಮೊದಲು ನಾನು, ಆಮೇಲೆ ಮರಿ, ಕೊನೆಗೆ ನೀನು. ಬಾಗಿಲಿಗೆ ತಲೆ ತಾಗುವಷ್ಟು ಬೆಳೆದು ನಿನ್ನ ಕೈ ಹಿಡಿದ ಮೇಲೂ ನಿನ್ನ ಮಾವನಿಗೆ ಮಗ ಮರಿಯೇ. ಅವನು ಹೂಂ ಅನ್ನುವ ಬದಲು ಕೋಳಿಯ ಹಾಗೆ ಕೂಗಿದ್ದಕ್ಕೆ ಅವರು ಒಂದು ಮಧ್ಯಾಹ್ನವೆಲ್ಲ ದೋಣಿ ತಿರುಗಿಸದೆ ಎದುರು ದಡದವರೆಗೂ ಹೋಗಿದ್ದರಲ್ಲ, ನಿನಗೆ ಹೊಟ್ಟೆ ಹಿಡಿದುಕೊಳ್ಳುವಷ್ಟು ನಗು ಬಂದಿತ್ತು.

ಅವನು ಕೆಲಸಕ್ಕಿದ್ದ, ಹಡಗು ಎಳೆಯುವ ಟಗ್ಗು ದೋಣಿ ಆ ಬಿರುಗಾಳಿಯಲ್ಲಿ ಹೊರಗೆ ಹೋದದ್ದು ತಿರುಗಿ ಬರಲಿಲ್ಲ. ಹುಡುಕಿದರು, ಸಿಗಲಿಲ್ಲ ಅಂದರು. ಮುಖವನ್ನಾದರೂ ತೋರಿಸಿದ್ದರೆ ಅತ್ತು ಮುಗಿಸುತ್ತಿದ್ದೆವೋ ಏನೋ. ಮತ್ತೆ ನಾವಿಬ್ಬರೇ ಹಾಯಿ ಏರಿಸಿದ ಮೊದಲ ದಿನ ನಿನ್ನ ಮಾವ "ತಿರುಗಿಸ್ಲಾ?" ಅಂದರು. ನಾನು ಹೂಂ ಅಂದೆ. ಅವರು ತಿರುಗಿಸಲಿಲ್ಲ. ಇನ್ನೊಂದು ಹೂಂ ಎಷ್ಟು ಹೊತ್ತು ಹಿಡಿಯುತ್ತದೋ ಅಷ್ಟು ಹೊತ್ತು ಬಿಟ್ಟು ಆಮೇಲೆ ತಿರುಗಿಸಿದರು. ನಿನ್ನದಕ್ಕೆ ಕಾಯಲಿಲ್ಲ. ನೀನು ಎಲ್ಲಿದ್ದೀಯೆಂದು ಅವರಿಗೆ ಗೊತ್ತಲ್ಲ.

ಅಂದಿನಿಂದ ಪ್ರತಿ ತಿರುವಿನಲ್ಲೂ ಹೀಗೇ. ಒಬ್ಬೊಬ್ಬರ ದುಃಖ ಒಂದೊಂದು ಥರ ಅಂದುಕೊಂಡೆ. ಆದರೆ ಮೊದಲು ಒಂದು ಉಸಿರಿನಷ್ಟಿದ್ದ ಕಾಯುವಿಕೆ ಈಗೀಗ ಉದ್ದವಾಗುತ್ತಿದೆ, ದೂರ ದೂರ ಹೋಗುತ್ತಿರುವವನ ದನಿ ಬಂದು ತಲುಪಲು ಹೆಚ್ಚು ಹೊತ್ತು ಬೇಕೇನೋ ಅನ್ನುವಂತೆ. ಆ ಹೊತ್ತಿನಲ್ಲಿ ದೋಣಿಯ ಮೇಲೆ ಹಗ್ಗ ಕೂಡ ಸದ್ದು ಮಾಡುವುದಿಲ್ಲ. ಅವನ ಲೈಫ್ ಜಾಕೆಟ್ ಒಳಗಿನ ಮೊಳೆಯಲ್ಲೇ ತೂಗುತ್ತಿರುತ್ತದೆ. ನಾವು ವಾಪಸು ಬಂದು ನಮ್ಮದನ್ನು ಅದರ ಪಕ್ಕ ಹಾಕುವಾಗ ಮುಟ್ಟಿದರೆ ಒಮ್ಮೊಮ್ಮೆ ಅದೂ ಒದ್ದೆ. ಮೇಲಿನ ಹಲಗೆ ಸೋರುತ್ತದೆ ಅಂತ ನಿನ್ನ ಮಾವನಿಗೆ ಹೇಳಿದೆ. ಅವರು ಸುತ್ತಿಗೆ ಹಿಡಿದು ಎಲ್ಲ ಸಂದು ನೋಡಿ, ಎಲ್ಲೂ ಸೋರೋದಿಲ್ಲ ಅಂದರು, ಮತ್ತೆ ಆ ಮಾತು ಎತ್ತಲಿಲ್ಲ.

ಹೋದ ತಿಂಗಳು ಒಂದು ಸಂಜೆ ಅಲೆ ತಡೆಯುವ ಕಲ್ಲುಗೋಡೆಯ ಕಡೆಗೆ ಹೋಗುತ್ತಿದ್ದೆವು. ಗಾಳಿ ಜೋರಿತ್ತು. "ತಿರುಗಿಸ್ಲಾ?" ಅಂದರು. ಹೂಂ ಅಂದೆ. ಕಾದರು. ಗೋಡೆಯ ಮೇಲಿನ ಪಾಚಿ ಕಾಣತೊಡಗಿತು. ರೀ, ಗೋಡೆ ಬಂತು ರೀ ಅಂದೆ. ಅವರು ನನ್ನ ಕಡೆ ತಿರುಗಿ, ಪೇಟೆಯಲ್ಲಿ ಚೀಲ ಹಿಡಿದುಕೋ ಅನ್ನುವಷ್ಟು ಸಾಮಾನ್ಯ ದನಿಯಲ್ಲಿ ಹೇಳಿದರು: "ತಾಳು. ಮರಿ ಇನ್ನೂ ಹೇಳಿಲ್ಲ."

ನಾನೇ ಮೇಲೆ ಬಿದ್ದು ಚುಕ್ಕಾಣಿ ನೂಕಿದೆ. ದೋಣಿಯ ಮಗ್ಗುಲು ಕಲ್ಲಿಗೆ ಉಜ್ಜಿಕೊಂಡು ಹೋಯಿತು. ಅಡ್ಡಮರ ನನ್ನ ಹೆಗಲಿಗೆ ಬಡಿಯಿತು, ಈಗಲೂ ಕೈ ಪೂರ್ತಿ ಮೇಲೆತ್ತಲು ಬರುವುದಿಲ್ಲ. ದಡಕ್ಕೆ ಬಂದ ಮೇಲೆ ಅವರು ನನ್ನ ಹೆಗಲಿಗೆ ಬಿಸಿ ಬಟ್ಟೆ ಇಟ್ಟು ಮಗುವಿನ ಹಾಗೆ ಅತ್ತರು. ಆದರೂ ಮರುವಾರ ಮತ್ತೆ ಹೊರಟು ನಿಂತರು.

ಈಗ ಹೇಳು, ನಾನು ಮನೆದೋಣಿ ಬೇಕು ಅಂದದ್ದು ಹಟವೇ? ಮೊದಲು ಮಂಡಿನೋವಿನ ನೆಪ ಹೇಳಿದೆ. ಕೊನೆಗೆ ಇದ್ದದ್ದನ್ನೇ ಹೇಳಿದೆ. ನೀವು ಅವನಿಗೆ ಕಾಯೋದನ್ನ ಕೂತು ಕೇಳಿಸಿಕೊಳ್ಳೋಕೆ ನನ್ನ ಕೈಲಿ ಆಗಲ್ಲ, ಒಂದು ದಿನ ಇಬ್ಬರೂ ಆ ಗೋಡೆಗೇ ಹೋಗ್ತೀವಿ ಅಂದೆ. ಅವರು "ಮನೆದೋಣಿ ಕಟ್ಟಿ ಹಾಕಿದಲ್ಲೇ ಇರುತ್ತೆ. ತಿರುಗಿಸೋ ಹಾಗೇ ಇಲ್ಲ. ಆಮೇಲೆ ಅವನನ್ನ ಏನಂತ ಕೇಳಲಿ?" ಅಂದರು. ಕೊನೆಗೆ ಅವರೇ ಒಂದು ದಾರಿ ಹೇಳಿದರು. ದೋಣಿಯಲ್ಲಿ ನಿನ್ನ ಪಾಲೂ ಇದೆಯಂತೆ, ಬಣ್ಣ ಬಳಿದದ್ದು ನೀನಂತೆ. ಅವಳು ಕೊಡಿ ಅಂತ ಬರೆದರೆ ಕೊಡ್ತೀನಿ, ಬೇಡ ಅಂದ್ರೆ ಇಲ್ಲ ಅಂದರು.

ಅದಕ್ಕೇ ಮಗಳೇ, ಒಂದು ಸಾಲು ಬರೆ. ಕೊಟ್ಟುಬಿಡಿ ಮಾವ ಅಂತ. ನಿನ್ನ ಮಾತನ್ನು ಅವರು ಮೀರುವುದಿಲ್ಲ.

ಮಾರ್ಚ್ ೧೬

ಪತ್ರ ಅಂಚೆಗೆ ಹಾಕುವ ಮೊದಲೇ ಹೊಸ ಸಂಗತಿ ನಡೆಯಿತು. ಇದೇ ಹಾಳೆಯಲ್ಲಿ ಮುಂದುವರಿಸುತ್ತೇನೆ.

ಕನ್ನಡಕದ ಅಂಗಡಿಯವರಿಗೆ ತಾಳ್ಮೆ ಕಡಿಮೆ. ಕೊಡದಿದ್ದರೂ ಪರವಾಗಿಲ್ಲ, ಒಂದು ಸುತ್ತು ಕರೆದುಕೊಂಡು ಹೋಗಿ ಅಂತ ದುಂಬಾಲು ಬಿದ್ದರು. ನಿನ್ನ ಮಾವ ದಾಕ್ಷಿಣ್ಯಕ್ಕೆ ಒಪ್ಪಿದರು. ಆ ಪುಣ್ಯಾತ್ಮರು ಇಸ್ತ್ರಿ ಮಾಡಿದ ಪ್ಯಾಂಟು ಹಾಕಿಕೊಂಡು ಬಂದಿದ್ದರು, ಲೈಫ್ ಜಾಕೆಟ್ ತಂದಿರಲಿಲ್ಲ. ನಮ್ಮೆರಡನ್ನು ಬಿಟ್ಟರೆ ಉಳಿದದ್ದು ಮೊಳೆಯಲ್ಲಿದ್ದ ಅದೊಂದೇ. ನಾನು ನಿನ್ನ ಮಾವನ ಮುಖ ನೋಡಿದೆ. ಅವರು ತಾವೇ ಅದನ್ನು ತೆಗೆದು ಆ ಮನುಷ್ಯನಿಗೆ ತೊಡಿಸಿ, ಹೊಟ್ಟೆಯ ಮೇಲೆ ಪಟ್ಟಿ ಸಡಿಲ ಮಾಡಿ, ಬಕಲ್ ಹಾಕಿದರು. ಕೂರಲು ಬೇರೆ ಜಾಗವಿಲ್ಲ. ಅಂಗಡಿಯವರು ಮರಿಯ ಜಾಗದಲ್ಲಿ ಕುಳಿತರು.

ದಕ್ಕೆ ಬಿಡುವ ಮೊದಲೇ ನಿನ್ನ ಮಾವ ಕಾನೂನು ಹೇಳಿಕೊಟ್ಟರು. ಸೇತುವೆ ದಾಟಿದ ಮೇಲೆ "ತಿರುಗಿಸ್ಲಾ?" ಅಂದರು. ನಾನು ಹೂಂ ಅಂದೆ. ನನ್ನ ಬೆನ್ನ ಹಿಂದಿನಿಂದ, ಆ ಜಾಗದಿಂದ, ಹೂಂ ಅಂತ ಬಂತು. ಹಾಜರಿ ಹೇಳುವ ಮಕ್ಕಳ ಹಾಗೆ, ಗಟ್ಟಿಯಾಗಿ.

ನಿನ್ನ ಮಾವ ಥಟ್ಟನೆ ತಲೆ ಎತ್ತಿದರು. ಆಮೇಲೆ ಚುಕ್ಕಾಣಿ ತಿರುಗಿಸಿದರು. ತಡವಿಲ್ಲ, ಕಾಯುವುದಿಲ್ಲ. ಅದಾದ ಮೇಲೆ ಎಷ್ಟು ಸಲ ಕೇಳಿದರೋ ಅಷ್ಟು ಸಲವೂ ಉತ್ತರ ಬಂತು, ಅಷ್ಟು ಸಲವೂ ತಿರುಗಿಸಿದರು. ಸುಮ್ಮಸುಮ್ಮನೆ ತಿರುಗಿಸಿದರು ಅಂತಲೂ ನನಗೆ ಅನ್ನಿಸಿತು. ಆ ಮನುಷ್ಯನಿಗೆ ಖುಷಿಯೋ ಖುಷಿ. ಇಳಿದು ಹೋದ ಮೇಲೆ ನಿನ್ನ ಮಾವ ಹಗ್ಗ ಸುತ್ತುತ್ತ, "ಕೊಟ್ಟುಬಿಡೋಣ ಕಣೆ" ಅಂದರು. ಯಾಕೆ ರೀ ಅಂದೆ. "ಉತ್ತರ ಬಂತಲ್ಲ. ಇನ್ನು ಸಾಕು."

ಈಗ ಅಳತೆಪಟ್ಟಿ ಹಿಡಿದು ದಿನಾ ಮನೆದೋಣಿಗೆ ಹೋಗುತ್ತಾರೆ. ನನ್ನ ದಾರದ ಉಂಡೆಗಳಿಗೆ ಕಪಾಟು ಮಾಡುತ್ತಾರಂತೆ. ಬಾಡಿಗೆ ಮನೆ ಅಂದದ್ದು ಮರೆತೇ ಹೋಗಿದೆ. ಆದರೆ ಕೊಟ್ಟ ಮಾತು ಮಾತೇ, ನಿನ್ನ ಪತ್ರ ಬಂದ ಮೇಲೆಯೇ ಕೈ ಕುಲುಕುವುದು ಅನ್ನುತ್ತಾರೆ. ನನ್ನ ಪತ್ರ ಆಗಲೇ ಹೋಗಿದೆ ಅಂದುಕೊಂಡು, ಬೆಳಿಗ್ಗೆ ಅಂಚೆಯವನ ಸೈಕಲ್ಲಿನ ಗಂಟೆ ಕೇಳಿದರೆ ಬಾಗಿಲಿಗೆ ಬರುತ್ತಾರೆ.

ಮಗುವಿಗೆ ಹಾಯಿಬಟ್ಟೆಯ ತುಂಡಿನಲ್ಲಿ ಒಂದು ಕೈಚೀಲ ಹೊಲಿದು ಬೇರೆ ಕಳಿಸುತ್ತೇನೆ. ಒರಟು ಅನ್ನಿಸಿದರೆ ಒಂದೆರಡು ಸಲ ಒಗೆ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು, ಹಾಲೂಡಿಸುವವಳು ಉಪವಾಸ ಇರಬಾರದು. ನಿನ್ನ ಮನೆಯವರು ಒಳ್ಳೆಯವರು, ಅವರನ್ನು ಚೆನ್ನಾಗಿ ನೋಡಿಕೋ. ನಿನ್ನ ಮಡಿಲು ಸದಾ ತುಂಬಿರಲಿ, ನಿನ್ನ ಮನೆಯಲ್ಲಿ ಕರೆದವರಿಗೆ ಓಗೊಡುವ ಜನ ಸದಾ ಇರಲಿ.

ಇನ್ನೇನೆಂದು ಬರೆಯಲಿ,
ನಿನ್ನ ಅತ್ತೆಯೇ

ಮರೆತದ್ದು: ಇಲ್ಲಿಂದ ಮುಂದಿನದನ್ನು ಮಾತ್ರ ನಿನ್ನ ಮನೆಯವರಿಗೆ ಓದಿ ಹೇಳಬೇಡ. ಆ ಮನುಷ್ಯ ಹೂಂ ಅಂದಾಗ ಅವರ ಬಾಯಿಗೆ ಕೈ ಅಡ್ಡ ಹಿಡಿಯಬೇಕು ಅನ್ನಿಸಿತು ನನಗೆ. ನಾನು ಹೂಂ ಅಂದ ಮೇಲೆ ಬರುತ್ತಿದ್ದ ಆ ಖಾಲಿ ಹೊತ್ತಿನಲ್ಲಿ ಮರಿ ಇರುತ್ತಿದ್ದ, ಮಗಳೇ. ಬೇರೆ ಎಲ್ಲೂ ಅವನು ನನಗೆ ಸಿಗಲಿಲ್ಲ. ನಿನ್ನ ಮಾವ ಕಾಯುತ್ತಿದ್ದರು, ನಾನು ಬೈಯುತ್ತಿದ್ದೆ, ಬೈಯುತ್ತಲೇ ಕಿವಿ ಕೊಟ್ಟು ಕುಳಿತಿರುತ್ತಿದ್ದೆ. ಈಗ ಅವರು ಬಿಟ್ಟುಬಿಟ್ಟರು. ನಾನೊಬ್ಬಳೇ ಉಳಿದೆ. ಮೊನ್ನೆ ಅವರಿಲ್ಲದಾಗ ದೋಣಿ ಹತ್ತಿ ಚುಕ್ಕಾಣಿ ಹಿಡಿದು ನಾನೇ ಕೇಳಿ ನೋಡಿದೆ. ನನ್ನ ದನಿಗೆ ಅವನು ಬರುವುದಿಲ್ಲ, ಅಪ್ಪ ಕೇಳಿದರೆ ಮಾತ್ರ.

ಅದರಿಂದ, ಮೇಲೆ ಬರೆದದ್ದನ್ನು ಬಿಟ್ಟುಬಿಡು. ಬೇಡ ಅಂತ ಬರೆ. ದೋಣಿ ಕೊಡಬೇಡಿ ಮಾವ ಅಂತ ಬರೆ, ನಾನು ಹೇಳಿಕೊಟ್ಟೆನೆಂದು ತಿಳಿಯದಿರಲಿ. ಗೋಡೆಯ ಚಿಂತೆ ನನಗಿರಲಿ. ಅವನನ್ನು ಮರೆತು ಬಾಳು ಅಂತ ಕೈ ಹಿಡಿದು ನಿನ್ನನ್ನು ಕಳಿಸಿಕೊಟ್ಟವಳು ನಾನೇ, ಇದನ್ನು ನಿನ್ನಲ್ಲಿ ಕೇಳಲು ನನಗೆ ಮುಖವಿಲ್ಲ. ನಿನ್ನ ಮಾವ ಎಷ್ಟೋ ಕಾಲದ ಮೇಲೆ ಈಗ ಬೆಳಗಿನವರೆಗೂ ಕಣ್ಣು ಮುಚ್ಚಿ ನಿದ್ದೆ ಮಾಡುತ್ತಾರೆ. ಆ ನಿದ್ದೆಯನ್ನು ನಾನು ಕಿತ್ತುಕೊಳ್ಳುತ್ತಿದ್ದೇನೆ ಅಂತಲೂ ನನಗೆ ಗೊತ್ತು. ಆದರೂ ಬೇಡ ಅಂತಲೇ ಬರೆ.