ಭುಜಕ್ಕೆ ಒರೆಸಿಕೊಂಡ ಕಣ್ಣು

ಹಾವೇರಿ
ಫೆಬ್ರುವರಿ 2008, ಶುಕ್ರವಾರ

ತಂಗಿ ಶ್ವೇತಾ,

ಈ ಪತ್ರವನ್ನು ನಿನಗಿಂತ ಮೊದಲು ಜೈಲಿನವರು ಒಡೆದು ಓದುತ್ತಾರಂತೆ. ಓದಲಿ. ಊರಿಗೆ ಊರೇ ನಿನ್ನ ಬಗ್ಗೆ ಬರೆದು, ಓದಿ, ಚಪ್ಪರಿಸುತ್ತಿರುವಾಗ ಇನ್ನೊಬ್ಬರು ಓದಿದರೆ ನಮ್ಮದೇನು ಹೋಗುತ್ತದೆ? ಓದುವವರಲ್ಲಿ ನನ್ನದು ಒಂದೇ ವಿನಂತಿ. ಸೋಮವಾರದ ಒಳಗೆ ಇದು ನನ್ನ ತಂಗಿಯ ಕೈ ಸೇರಲಿ. ಇದರ ಜೊತೆ ವಕಾಲತ್ತಿನ ಕಾಗದವಿದೆ. ಅದಕ್ಕೆ ಅವಳ ಸಹಿ ಬೀಳದಿದ್ದರೆ ಅವತ್ತು ಕೋರ್ಟಿನಲ್ಲಿ ಅವಳ ಪರವಾಗಿ ಬಾಯಿ ತೆರೆಯಲು ಯಾರೂ ಇರುವುದಿಲ್ಲ.

ಹೌದು ಶ್ವೇತಾ, ವಕೀಲರು ಸಿಕ್ಕಿದ್ದಾರೆ. ಹೇಗೆ ಸಿಕ್ಕರು ಎನ್ನುವುದನ್ನು ನಾನೇ ಹೇಳಬೇಕು, ಬೇರೆ ಯಾರೂ ನಿನಗೆ ಇದನ್ನು ಹೇಳುವುದಿಲ್ಲ.

ಮೊದಲು ಆ ಫೋಟೋದ ವಿಷಯ. ನೀನು ಅದನ್ನು ನೋಡಿಲ್ಲ. ಐರಣಿಯ ಹೊಳೆಯಲ್ಲಿ ನಿನ್ನ ಕ್ಲಾಸಿನ ಕಿರಣಕುಮಾರನ ಹೆಣ ಸಿಕ್ಕಿತು. ಅವನ ಬೈಕಿನ ಹಿಂದೆ ಕುಳಿತು ಅಲ್ಲಿಗೆ ಹೋದವಳು ನೀನೇ ಎಂದು ಪೊಲೀಸರು ನಿನ್ನನ್ನು ಹಾಸ್ಟೆಲಿನಿಂದ ಕರೆದೊಯ್ದರು. ಮರುದಿನ ರಾಣೆಬೆನ್ನೂರಿನ ಕೋರ್ಟಿನ ಮುಂದೆ ನೀನು ವ್ಯಾನಿನಿಂದ ಇಳಿಯುವಾಗ ಯಾರೋ ಮೊಬೈಲಿನಲ್ಲಿ ತೆಗೆದದ್ದು ಅದು. ಮುಖ ಎಡಕ್ಕೆ ಹೊರಳಿದೆ, ಭುಜ ಮೇಲಕ್ಕೆ ಎದ್ದಿದೆ. ಒಂದು ಕಣ್ಣು ಚೂಡಿದಾರದ ತೋಳಿಗೆ ಒತ್ತಿದೆ. ಬಾಯಿ ಒಂದು ಕಡೆ ಎಳೆದುಕೊಂಡು ಹಲ್ಲು ಕಾಣುತ್ತಿವೆ. ಅದನ್ನು ಇಂಟರ್ನೆಟ್ಟಿಗೆ ಹಾಕಿ ಕೆಳಗೆ ಬರೆದಿದ್ದರು: ‘ಜೊತೆಗೆ ಓದಿದವನನ್ನು ಕೊಂದು ನಾಚಿಕೊಂಡು ನಗುತ್ತಿರುವ ಸುಂದರಿ.’

ನೋಡಿದ ತಕ್ಷಣ ನನಗೆ ಗೊತ್ತಾಯಿತು. ನೀನು ಅಳುತ್ತಿದ್ದೆ.

ಬ್ಯಾಡಗಿಯಲ್ಲಿ ಬೆಳೆದ ಯಾರಿಗೆ ಅದು ತಿಳಿಯುವುದಿಲ್ಲ ಹೇಳು? ಶಾಲೆ ಬಿಟ್ಟ ಕೂಡಲೇ ನಾವಿಬ್ಬರೂ ಅವ್ವ ಕೆಲಸ ಮಾಡುವ ಅಂಗಳಕ್ಕೆ ಓಡುತ್ತಿದ್ದೆವು. ರಾಶಿ ಹಾಕಿದ ಮೆಣಸಿನಕಾಯಿಯ ಮುಂದೆ ಹರಕು ಚೀಲ ಹಾಸಿಕೊಂಡು ಕುಳಿತು ತೊಟ್ಟು ಬಿಡಿಸುತ್ತಿದ್ದೆವು. ಒಂದು ದಿನ ನೀನು ಖಾರದ ಕೈಯಲ್ಲೇ ಕಣ್ಣು ಉಜ್ಜಿಕೊಂಡು ಓಣಿಗೆಲ್ಲ ಕೇಳುವ ಹಾಗೆ ಕಿರುಚಿದೆ. ಅವ್ವ ನಿನ್ನ ಎರಡೂ ಕೈ ಗಟ್ಟಿಯಾಗಿ ಹಿಡಿದುಕೊಂಡಳು. “ಕೈ ಕಣ್ಣಿಗೆ ಒಯ್ಯಬ್ಯಾಡ ನನ್ನವ್ವ. ಭುಜಕ್ಕ ಒರಸ್ಕೋ, ಭುಜಕ್ಕ” ಎಂದಳು. ಅಲ್ಲಿಂದ ನೀನು ಆ ಪಾಠ ಬಿಡಲೇ ಇಲ್ಲ. ಮೆಣಸಿನಕಾಯಿ ಮುಟ್ಟುವುದನ್ನು ಬಿಟ್ಟು ಕಾಲೇಜಿಗೆ ಹೋದೆ. ಆದರೂ ಸಿನಿಮಾ ನೋಡಿ ಅತ್ತರೂ ಭುಜಕ್ಕೇ, ನೆಗಡಿಗೆ ಕಣ್ಣು ಒಸರಿದರೂ ಭುಜಕ್ಕೇ. “ಬಿ.ಎ. ಮುಗಿಯಾಕ ಬಂತು, ಇನ್ನೂ ತೋಳು ಬಿಡವಲ್ಲಿ” ಎಂದು ನಾನೇ ಎಷ್ಟು ಸಲ ಗೇಲಿ ಮಾಡಿಲ್ಲ! ಒರೆಸಿಕೊಳ್ಳುವಾಗ ನಿನ್ನ ಬಾಯಿ ಸೊಟ್ಟಗಾಗುತ್ತದೆ ಎಂದು ಅಣಕಿಸುತ್ತಿದ್ದವಳೂ ನಾನೇ. ಆ ಸೊಟ್ಟ ಬಾಯಿಯನ್ನು ಜಗತ್ತು ನಗು ಎಂದು ಕರೆಯಿತು.

ನಾನು ಎಲ್ಲಿ ಕೆಲಸ ಮಾಡುತ್ತೇನೆ ಎನ್ನುವುದು ನಿನಗೆ ಗೊತ್ತೇ ಇದೆ. ಹಾವೇರಿ ಬಸ್‌ಸ್ಟ್ಯಾಂಡಿನ ಹಿಂದೆ ಮಹಮ್ಮದ್ ಹನೀಫ್ ಅವರ ಇಂಟರ್ನೆಟ್ ಅಂಗಡಿ. ಲಗ್ನಪತ್ರಿಕೆ ಟೈಪು ಮಾಡುತ್ತೇನೆ, ಬಂದವರಿಗೆ ಕ್ಯಾಬಿನ್ ಕೊಡುತ್ತೇನೆ. ಈಗ ಲಗ್ನದ ಸುಗ್ಗಿಗಿಂತ ನಿನ್ನ ಸುಗ್ಗಿ ಜೋರಾಗಿದೆ. “ಅಕ್ಕಾರ, ಒಂದು ತಾಸು ಕೊಡ್ರಿ” ಎನ್ನುತ್ತ ಅಗಡಿಯಿಂದ, ಸುತ್ತಲಿನ ಹಳ್ಳಿಗಳಿಂದ ಕಾಲೇಜು ಹುಡುಗರು ಬರುತ್ತಾರೆ. ಪ್ಲೈವುಡ್ಡಿನ ಆಚೆ ಕುಳಿತು ನನ್ನ ತಂಗಿಯನ್ನು ಗಲ್ಲಿಗೆ ಹಾಕುತ್ತಾರೆ. ನೀನೇ ನನಗೆ ಆರ್ಕುಟ್‌ನಲ್ಲಿ ಖಾತೆ ತೆರೆದು ಕೊಟ್ಟಿದ್ದೆಯಲ್ಲ, ಅದರಲ್ಲಿ ಈಗ ನಿನ್ನ ಹೆಸರಿನ ಒಂದು ಗುಂಪು ಇದೆ, ‘ಶ್ವೇತಾಳಿಗೆ ಗಲ್ಲೇ ಗತಿ’. ಬೆಂಗಳೂರಿನವರು, ದುಬೈಯವರು, ಐರಣಿ ಯಾವ ದಿಕ್ಕಿಗಿದೆ ಎಂದೂ ತಿಳಿಯದವರು ಅದರಲ್ಲಿ ಸೇರಿದ್ದಾರೆ. ಒಬ್ಬ ಕಾಲೇಜಿನ ವಾರ್ಷಿಕ ಗ್ಯಾದರಿಂಗಿನಲ್ಲಿ ನೀನು ಮಾಡಿದ ಡ್ಯಾನ್ಸಿನ ಫೋಟೋ ಹಾಕಿ ನಡತೆ ನೋಡಿ ಎಂದ. ಇನ್ನೊಬ್ಬ ನಮ್ಮ ಓಣಿಯ ಹೆಸರು ಬರೆದು, ಮನೆಯವರನ್ನೂ ವಿಚಾರಿಸಿಕೊಳ್ಳಬೇಕು ಎಂದ. ಅದನ್ನು ಓದಿದ ದಿನದಿಂದ ಅವ್ವ ಅಂಗಳದಿಂದ ಮನೆಗೆ ಬಂದು ಫೋನ್ ಮಾಡುವವರೆಗೆ ನಾನು ಊಟಕ್ಕೆ ಕೂರುವುದಿಲ್ಲ.

ಹನೀಫ್ ಅಣ್ಣ ಒಳ್ಳೆಯವರು. “ನಿನಗ ತ್ರಾಸ ಆದ್ರ ಹೇಳವಾ, ಆ ಆರ್ಕುಟ್ ಅಂಗಡ್ಯಾಗ ಬಂದ್ ಮಾಡಸ್ತೀನಿ” ಎಂದರು. ನಾನು ಬೇಡ ಎಂದೆ. ಯಾರು ಏನು ಬರೆಯುತ್ತಾರೆ ಎನ್ನುವುದು ನನ್ನ ಕಣ್ಣ ಮುಂದೆಯೇ ಇರಲಿ.

ಸಿಟ್ಟು ತಡೆಯಲಾಗದೆ ನನ್ನ ಹೆಸರಿನಲ್ಲೇ ಒಂದು ದಿನ ಬರೆದೆ. ಇವಳು ನನ್ನ ತಂಗಿ, ನಗುತ್ತಿಲ್ಲ, ಅಳುತ್ತಿದ್ದಾಳೆ, ನಮ್ಮ ಕಡೆ ಖಾರದ ಕೈಯವರು ಕಣ್ಣೀರು ಹೀಗೆ ಒರೆಸಿಕೊಳ್ಳುತ್ತಾರೆ ಎಂದು ಬಿಡಿಸಿ ಹೇಳಿದೆ. ಮೊದಲು ಬಂದದ್ದು ಬೈಗುಳ. ಆಮೇಲೆ ಒಬ್ಬ ಬರೆದ: ‘ನಾನೂ ಬ್ಯಾಡಗಿಯವನೇ. ನಮ್ಮೂರಲ್ಲಿ ಹಾಗೆ ಯಾರೂ ಒರೆಸಿಕೊಳ್ಳುವುದಿಲ್ಲ. ಇದು ನಾಟಕ.’ ಹೆಸರು ನೋಡಿದೆ. ದುರುಗೇಶ. ಅವ್ವನ ಪಕ್ಕದಲ್ಲೇ ಕುಳಿತು ತೊಟ್ಟು ಬಿಡಿಸುವ ಗುತ್ತೆವ್ವನ ಮಗ! ಅವನ ಫೀಸು, ಪ್ಯಾಂಟು, ಅವನು ಆ ಸಾಲು ಟೈಪು ಮಾಡಿದ ತಾಸಿನ ದುಡ್ಡು, ಎಲ್ಲ ಆ ತಾಯಿ ದಿನಕ್ಕೆ ಹತ್ತು ಸಲ ಭುಜಕ್ಕೆ ಕಣ್ಣು ಒರೆಸಿಕೊಂಡು ಗಳಿಸಿದ್ದು. ಆ ಒಂದು ಸಾಲಿಗೆ ಎಲ್ಲರೂ ಚಪ್ಪಾಳೆ ತಟ್ಟಿದರು. ಊರವನೇ ಹೇಳಿದ ಮೇಲೆ ಇನ್ನೇನು ಬೇಕು? ಪರವೂರಿನವರ ಬೈಗುಳ ನನಗೆ ಅಷ್ಟು ತಾಗಲಿಲ್ಲ ಶ್ವೇತಾ, ಇದು ತಾಗಿತು. ಗುತ್ತೆವ್ವ ಈಗ ತನ್ನ ಚೀಲವನ್ನು ಅವ್ವನಿಂದ ದೂರ ಸರಿಸಿಕೊಂಡು ಕೂರುತ್ತಾಳಂತೆ.

ನಾನು ನಿನ್ನನ್ನು ಒಂದೇ ಸಲ ಕೇಳಿದ್ದೇನೆ, ಜೈಲಿನ ಜಾಲರಿಯ ಈಚೆ ನಿಂತು. “ಜಗಳ ಆಡಿದ್ದು ಖರೇ ಅಕ್ಕಾ. ಸಿಟ್ಟು ಬಂದು ನಾ ಬಸ್ ಹತ್ತಿ ಬಂದ್ನಿ. ಅಂವ ಹೊಳಿ ದಂಡ್ಯಾಗ ಕುಂತಿದ್ದ. ಅಷ್ಟ ನನಗ ಗೊತ್ತಿರೋದು” ಎಂದೆ ನೀನು. ಹಾಗೆ ಹೇಳಿ ಭುಜಕ್ಕೆ ಕಣ್ಣು ಒತ್ತಿಕೊಂಡೆ. ನಾನು ಮತ್ತೆ ಕೇಳಲಿಲ್ಲ, ಮುಂದೆಯೂ ಕೇಳುವುದಿಲ್ಲ.

ಆದರೆ ನಾನು ನಂಬಿದರೆ ಕೋರ್ಟಿಗೆ ಸಾಲುವುದಿಲ್ಲ, ಅರ್ಜಿ ಹಾಕಲು ಕರಿಕೋಟು ಬೇಕು. ಎಷ್ಟು ಕಚೇರಿಗಳ ಮೆಟ್ಟಿಲು ಹತ್ತಿದೆನೋ! ಒಬ್ಬರ ಮನೆಯಲ್ಲಿ ಲಗ್ನ. ಇನ್ನೊಬ್ಬರಿಗೆ ನನ್ನ ಮುಖ ಕಂಡ ಕೂಡಲೇ ಗಂಟಲು ಕೆಟ್ಟಿತು. ಶಶಿಕಾಂತ ವಕೀಲರು ಮಾತ್ರ ಸುಳ್ಳು ಹೇಳಲಿಲ್ಲ. ಕುರ್ಚಿ ಕೊಟ್ಟರು, ಚಹಾ ತರಿಸಿದರು, ಆಮೇಲೆ ತಲೆ ತಗ್ಗಿಸಿ ಹೇಳಿದರು: “ನೋಡು ತಂಗಿ, ಆ ಫೋಟೋ ನಮ್ಮ ಮನ್ಯಾಗೂ ನೋಡ್ಯಾರ. ನಕ್ಕೋತ ಇಳದ ಹುಡುಗಿ ಪರವಾಗಿ ನಾ ಯಾವ ಮಾರಿ ಹೊತ್ಕೊಂಡು ನಿಂದ್ರಲಿ?” ನಾನು ಅಲ್ಲೇ ಎದ್ದು ನಿಂತು ಭುಜ ಎತ್ತಿ ಒರೆಸಿ ತೋರಿಸಿದೆ. ಅವರು ನೋಡಿದರು. “ನೀ ಅಕ್ಕ ಇದ್ದಿ. ನೀ ಹಿಂಗ ಅನ್ನಾಕ ಬೇಕಲ್ಲ” ಎಂದರು. ಚಹಾ ಹಾಗೇ ಬಿಟ್ಟು ಬಂದೆ.

ನಿನ್ನೆ ಶಶಿಕಾಂತ ವಕೀಲರನ್ನು ಹುಡುಕಿಕೊಂಡು ರಾಣೆಬೆನ್ನೂರಿನ ಕೋರ್ಟಿಗೆ ಮತ್ತೆ ಹೋದೆ. ಬೇಡಿಕೊಳ್ಳಲು ಇನ್ನೇನು ಉಳಿದಿತ್ತೋ ನನಗೇ ತಿಳಿಯದು. ಕೋರ್ಟಿನ ಬೇವಿನ ಮರದ ಕೆಳಗೆ ಗುಂಪು ಕೂಡಿತ್ತು. ನಡುವೆ ಕಿರಣಕುಮಾರನ ತಾಯಿ ಜಯವ್ವ ನಿಂತಿದ್ದರು. ಹೊಸರಿತ್ತಿಯ ಹೊಲಮನೆಯವರು, ಮೆಣಸಿನಕಾಯಿ ಬೆಳೆಯುವವರು. ಹಿಂದಕ್ಕೆ ಹೋಗಲೂ ಆಗದೆ ಕಂಬದ ಮರೆಯಲ್ಲಿ ನಿಂತುಬಿಟ್ಟೆ. ಪೇಪರಿನವನೊಬ್ಬ ನಿನ್ನ ಫೋಟೋದ ದೊಡ್ಡ ಪ್ರಿಂಟು ಅವರ ಮುಖದ ಮುಂದೆ ಹಿಡಿದ. “ನೋಡ್ರಿ ಅಮ್ಮಾರ, ನಿಮ್ಮ ಮಗನ್ನ ಹೊಳಿಗೆ ಹಾಕಿ ಹೆಂಗ ನಗಾಕತ್ತಾಳ. ಏನ್ ಹೇಳ್ತೀರಿ?” ಎಂದು ಕೇಳಿದ.

ಜಯವ್ವ ಫೋಟೋ ಕೈಗೆ ತೆಗೆದುಕೊಂಡರು. ಬಹಳ ಹೊತ್ತು ನೋಡಿದರು. ಅವರು ಅದನ್ನು ಹರಿಯುತ್ತಾರೆ, ನಿನಗೆ ಶಾಪ ಹಾಕುತ್ತಾರೆ, ಅದನ್ನೂ ನಾಳೆ ನಮ್ಮ ಅಂಗಡಿಯಲ್ಲೇ ಕುಳಿತು ಹುಡುಗರು ಓದುತ್ತಾರೆ ಎಂದುಕೊಂಡೆ.

“ಎಲ್ಲಿ ನಗಾಕತ್ತಾಳೋ ತಮ್ಮಾ?” ಎಂದರು ಜಯವ್ವ. “ಅಳಾಕತ್ತಾಳ. ಖಾರದ ಕೈ ಇದು, ಕಣ್ಣಿಗೆ ಒಯ್ಯೂದಿಲ್ಲ.”

ಅವನು ಏನೋ ಹೇಳಹೊರಟ. ಅವರು ಕೈ ಅಡ್ಡ ಹಿಡಿದರು. “ನನ್ನ ಮಗನ್ನ ಇಕಿ ಕೊಂದಾಳೋ ಇಲ್ಲೋ ನನಗ ಗೊತ್ತಿಲ್ಲ. ಕೊಂದಿದ್ದ ಖರೇ ಇದ್ರ ಗಲ್ಲಿಗೆ ಹಾಕ್ಲಿ, ನಾ ಬ್ಯಾಡ ಅನ್ನೂದಿಲ್ಲ. ಆದ್ರ ನಕ್ಕಾಳ ಅನಬ್ಯಾಡ್ರಿ. ನನ್ನ ಮಗ ಸತ್ತಾನ. ನೀವು ಸುಳ್ಳು ಹೇಳಿದ್ರ ಅಂವ ಎದ್ದ ಬರ್ತಾನೇನು?”

ಅಷ್ಟು ಹೇಳಿ ಜಯವ್ವ ಮುಖ ಹೊರಳಿಸಿದರು. ಭುಜ ಎತ್ತಿ ಕಣ್ಣು ಒತ್ತಿಕೊಂಡರು. ಬಾಯಿ ಒಂದು ಕಡೆ ಎಳೆದುಕೊಂಡಿತು, ಹಲ್ಲು ಕಂಡವು. ಫೋಟೋ ಇನ್ನೂ ಅವರ ಕೈಯಲ್ಲೇ ಇತ್ತು.

ಆ ಮಾತು ಇಂದಿನ ಯಾವ ಪೇಪರಿನಲ್ಲೂ ಬರಲಿಲ್ಲ. ಆರ್ಕುಟ್‌ನಲ್ಲಿ ನೀನು ಈಗಲೂ ನಗುತ್ತಲೇ ಇದ್ದೀಯೆ, ದುರುಗೇಶನ ಸಾಲು ಈಗಲೂ ಮೇಲೆಯೇ ಇದೆ. ಆದರೆ ಶಶಿಕಾಂತ ವಕೀಲರು ಕೋರ್ಟಿನ ಮೆಟ್ಟಿಲ ಮೇಲೆ ನಿಂತು ಎಲ್ಲವನ್ನೂ ಕೇಳಿದ್ದರು. ಗುಂಪು ಚದುರಿದ ಮೇಲೆ ನನ್ನ ಹತ್ತಿರ ಬಂದರು. ಒಣ ದನಿಯಲ್ಲಿ, “ವಕಾಲತ್ತಿಗೆ ನಿನ್ನ ತಂಗಿ ಸಹಿ ಬೇಕಾಗ್ತದ. ಲಗೂ ಕಳಸು” ಎಂದರು. ನನಗೆ ಅವರ ಕಾಲು ಹಿಡಿಯಬೇಕೆನಿಸಿತು. ಹಿಡಿಯಬೇಕಾದದ್ದು ಇನ್ನೊಬ್ಬರ ಕಾಲು ಎಂದು ತಿಳಿದು ತಿರುಗಿ ನೋಡಿದೆ. ಜಯವ್ವ ಟಂಟಂ ಆಟೋ ಹತ್ತುತ್ತಿದ್ದರು. ನನ್ನನ್ನು ಕಂಡರು, ಗುರುತೂ ಹಿಡಿದರು. ಆ ಕಣ್ಣಿನಲ್ಲಿ ನಮ್ಮ ಮೇಲೆ ಕರುಣೆ ಇರಲಿಲ್ಲ ಶ್ವೇತಾ. ಸುಳ್ಳು ಹೇಳಲಾರೆ. ಅವರ ಮಗ ಹೋಗಿದ್ದಾನೆ, ಅವನ ಜೊತೆ ಕೊನೆಗೆ ಮಾತಾಡಿದವಳು ನೀನು. ನಾನು ಕೈ ಮುಗಿದೆ. ಅವರು ಮುಗಿಯಲಿಲ್ಲ.

ಈಗ ಸೋಮವಾರದ ಮಾತು. ಜಾಮೀನು ಸಿಗುತ್ತದೆ ಎಂದು ವಕೀಲರು ಹೇಳಿಲ್ಲ, ಕೇಳುತ್ತೇವೆ ಎಂದಷ್ಟೇ ಹೇಳಿದ್ದಾರೆ. ಇನ್ನೊಂದು ಮಾತು ಹೇಳಿ ಕಳಿಸಿದ್ದಾರೆ. ನೀನು ವ್ಯಾನಿನಿಂದ ಇಳಿಯುವಾಗ ಕ್ಯಾಮೆರಾಗಳು ಇರುತ್ತವೆ, ಅಳು ಬಂದರೆ ಎಲ್ಲರ ಹಾಗೆ ಕರ್ಚೀಫಿನಲ್ಲಿ ಒರೆಸಿಕೊಳ್ಳಬೇಕಂತೆ, ಭುಜ ಎತ್ತಬಾರದಂತೆ. ಅವರ ಮಾತಿಗೆ ಬೆಲೆ ಕೊಟ್ಟು ಬಿಳಿ ಕರ್ಚೀಫೊಂದನ್ನು ಕೊಂಡು ಇದರ ಜೊತೆ ಇಟ್ಟಿದ್ದೇನೆ.

ನಾನು ನಿನ್ನ ಅಕ್ಕ, ನನ್ನ ಮಾತೂ ಕೇಳು. ಆ ಗಳಿಗೆಯಲ್ಲಿ ಕರ್ಚೀಫು ನೆನಪಾದರೆ ತೆಗೆ. ನೆನಪಾಗದಿದ್ದರೆ ಹೆದರಬೇಡ. ಅವ್ವ ಕಲಿಸಿದ ಹಾಗೆ ಒರೆಸಿಕೋ. ಅವರು ಇನ್ನೊಂದು ಫೋಟೋ ಹೊಡೆದುಕೊಳ್ಳಲಿ. ಸೋಮವಾರ ಜಯವ್ವನೂ ಬರುತ್ತಾರೆ, ನಾನೂ ಇರುತ್ತೇನೆ. ಅಷ್ಟು ಜನರ ನಡುವೆ ನೀನು ಅಳುತ್ತಿದ್ದೀಯೆ ಎಂದು ಬಲ್ಲವರು ಇಬ್ಬರಾದರೂ ಇರುತ್ತೇವೆ, ಅವರಲ್ಲಿ ಒಬ್ಬರು ಕೊಂದದ್ದು ಖರೆಯಾದರೆ ನಿನಗೆ ಗಲ್ಲೇ ಆಗಲಿ ಎನ್ನುವವರು.

ಸಹಿ ಮಾಡು. ಪೂರ್ತಿ ಹೆಸರು ಬರೆ. ನಿನ್ನ ಕಣ್ಣು ತಂಪಾಗಿರಲಿ ತಂಗಿ.

ಬೇವಿನ ಮರದ ಕೆಳಗೆ ನಿನ್ನ ದಾರಿ ಕಾಯುವ
ಅಕ್ಕ ಸುಶ್ಮಿತಾ