ನಾಲ್ಕು ಊರಿಗೆ ಒಂದೇ ಪತ್ರ

ಹೊನ್ನಾವರ
ಶ್ರಾವಣ, ಸೋಮವಾರ

ಪ್ರೀತಿಯ ತಮ್ಮ ವಿನೋದನಿಗೆ ಅಣ್ಣನ ಆಶೀರ್ವಾದ.

ಆರು ತಿಂಗಳಿಂದ ನಿನ್ನ ಫೋನು ಹತ್ತುತ್ತಿಲ್ಲ. ಕಾಂಗೋ ದೇಶದ ಕಟಾಂಗ ಪ್ರಾಂತದ ಗಣಿಯಲ್ಲಿದ್ದೇನೆ ಎಂದಿದ್ದೆಯಲ್ಲ, ಅಷ್ಟನ್ನೇ ವಿಳಾಸವೆಂದು ಬರೆದು ಅಂಚೆಗೆ ಒಯ್ದೆ. ಅಲ್ಲಿ ಕೌಂಟರಿನಲ್ಲಿ ಕೂರುವ ರೇಖಾ ಮೊಬೈಲು ನೋಡಿ, "ಅಜ್ಜ, ಕಟಾಂಗ ಒಡ್ದು ನಾಲ್ಕು ಪ್ರಾಂತ ಆತಲ್ಲ! ಈಗ ಎಂತ ಬರಿಲಿ?" ಎಂದಳು. ನಿನ್ನದು ಯಾವುದೆಂದು ನನಗೆ ಹೇಳಲಾಗಲಿಲ್ಲ.

ಹಾಗಾಗಿ ಇದೇ ಪತ್ರವನ್ನು ನಾಲ್ಕು ಸಲ ಬರೆದು ಲುಬುಂಬಾಶಿ, ಕೋಲ್ವೇಜಿ, ಕಮೀನಾ, ಕಾಲೆಮಿ ಈ ನಾಲ್ಕೂ ರಾಜಧಾನಿಗಳ ದೊಡ್ಡ ಅಂಚೆಗೆ ಹಾಕುತ್ತಿದ್ದೇನೆ.

ನಿನ್ನ ಅತ್ತಿಗೆ ಆಷಾಢದಲ್ಲಿ ತೀರಿಕೊಂಡಳು.

ಯಾವುದಾದರೂ ಒಂದು ಸಿಕ್ಕಿದರೆ ಕೂಡಲೇ ನಿನ್ನ ಪ್ರಾಂತದ ಹೆಸರು ತಿಳಿಸು. ಉತ್ತರ ಬರದಿದ್ದರೆ ಮೇಲಿನ ಆ ಒಂದು ಸಾಲನ್ನು ಮತ್ತೆ ನಾಲ್ಕು ಸಲ ಬರೆಯಲು ನನ್ನ ಕೈ ಏಳುವುದಿಲ್ಲ.

ನಿನ್ನ ದಾರಿ ನೋಡುತ್ತಿರುವ ಅಣ್ಣ,
ಮಾಬ್ಲೇಶ್ವರ